ಲೈಬ್ರರಿ ಕಂಪ್ಯೂಟರಿನಲ್ಲಿ ‘ತೆಂಗು’ ಸಿಗುವುದಿಲ್ಲ, ಕಪಾಟಿನಲ್ಲಿ ಇದೆ. ಯಾರಿಗಾದರೂ ಹೀಗಾಗಿದೆಯಾ?

ತಿಪಟೂರು_ತೋಟ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಮ್ಮ ತೆಂಗಿನ ತೋಟದಲ್ಲಿ ನುಸಿ ಕಾಟ ಜಾಸ್ತಿ ಆಗಿದೆ. ಫೋನಿನಲ್ಲಿ ನೋಡಿದರೆ ಹತ್ತು ವಿಡಿಯೋ ಹತ್ತು ಥರ ಹೇಳುತ್ತವೆ. ಹಳೆಯ ಕನ್ನಡ ಪುಸ್ತಕಗಳಲ್ಲಿ ತೆಂಗಿನ ಬಗ್ಗೆ ಏನು ಬರೆದಿದ್ದಾರೆ ನೋಡೋಣ ಅಂತ ಹತ್ತಿರದ ಒಂದು ಊರಿನ ಲೈಬ್ರರಿಗೆ ಹೋದೆ. ಯಾವ ಊರು ಅಂತ ಹೇಳುವುದಿಲ್ಲ. ಅಲ್ಲಿನವರು ಒಳ್ಳೆಯವರು, ಪಾಪ.

ಬಾಗಿಲ ಪಕ್ಕ ಒಂದು ಕಂಪ್ಯೂಟರ್ ಇಟ್ಟು ‘ಪುಸ್ತಕ ಇಲ್ಲಿ ಹುಡುಕಿ’ ಅಂತ ಚೀಟಿ ಅಂಟಿಸಿದ್ದಾರೆ. ನಾನು ಹೈಸ್ಕೂಲಿನಲ್ಲಿದ್ದಾಗ ಇದೇ ಜಾಗದಲ್ಲಿ ಸಣ್ಣ ಸಣ್ಣ ಡ್ರಾಯರ್‌ಗಳ ಮರದ ಬೀರು ಇತ್ತು. ಇರಲಿ. ‘ತೆಂಗು’ ಅಂತ ಹೊಡೆದೆ. ಒಂದೂ ಇಲ್ಲ. ‘ತೆಂಗಿನ’ ಅಂತ ಹೊಡೆದೆ. ಇಲ್ಲ. ‘ಕಲ್ಪವೃಕ್ಷ’ ಅಂದೆ, ಒಂದು ಬಂತು. ತರಿಸಿ ನೋಡಿದರೆ ಕವನ ಸಂಕಲನ.

ಅಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಇದನ್ನೆಲ್ಲ ನೋಡುತ್ತಾ ಕೂತಿದ್ದರು. ಕೊನೆಗೆ ಎದ್ದು, ‘ಅದನ್ನ ಬಿಡಿ ಸಾರ್, ಬನ್ನಿ’ ಅಂತ ಸೀದಾ ಒಳಗೆ ಕರೆದುಕೊಂಡು ಹೋದರು. 634 ಅಂತ ವಿಷಯದ ನಂಬರ್ ಬರೆದಿದ್ದ ಸಾಲು. ತೆಂಗಿನ ಮೇಲೆ ಆರು ಪುಸ್ತಕ ಒಂದರ ಪಕ್ಕ ಒಂದು ನಿಂತಿವೆ! ಒಂದರ ಹಿಂದಿನ ಚೀಟಿಯಲ್ಲಿ ಕೊನೆಯ ಮೊಹರು 1994ರದ್ದು. ಮೂವತ್ತು ವರ್ಷದಿಂದ ಯಾರೂ ಮನೆಗೆ ಒಯ್ದಿಲ್ಲ.

ಈಗ ನನ್ನ ಪ್ರಶ್ನೆ. ಪುಸ್ತಕದ ಮೇಲಿದ್ದ ನಂಬರ್ ಹಾಕಿ ಕಂಪ್ಯೂಟರಿನಲ್ಲಿ ಹುಡುಕಿದರೆ ಅದು ಬಂತು. ಹೆಸರು ಸರಿಯಾಗಿಯೇ ಇದೆ. ಅದೇ ಹೆಸರನ್ನು ನಾನು ಅಕ್ಷರ ಅಕ್ಷರ ನೋಡಿಕೊಂಡು ಟೈಪ್ ಮಾಡಿದರೆ ಬರುವುದಿಲ್ಲ. ಪರದೆಯಿಂದ ಕಾಪಿ ಮಾಡಿ ಅಂಟಿಸಿದರೆ ಬರುತ್ತದೆ! ಇದೇನು ಮಾಟವಾ? ಅಲ್ಲಿಂದ ನನಗೇ ಈಮೇಲ್ ಮಾಡಿಕೊಂಡ ಪದ ಇದು, ನೋಡಿ: ತೆ೦ಗು

ಕೀಲಿಮಣೆ_ಕಿಟ್ಟ

ನೀವು ಪದವನ್ನು ಇಲ್ಲಿ ಅಂಟಿಸಿದ್ದು ಒಳ್ಳೆಯದಾಯಿತು. ಕಣ್ಣಿಗೆ ಗೊತ್ತಾಗುತ್ತಲೇ ಇರಲಿಲ್ಲ.

ಮಾಟವೂ ಇಲ್ಲ, ಮಂತ್ರವೂ ಇಲ್ಲ. ಆ ತೆಂಗಿನಲ್ಲಿ ಇರುವುದು ಅನುಸ್ವಾರ ಅಲ್ಲ, ಕನ್ನಡದ ಅಂಕಿ ಸೊನ್ನೆ. ಟೈಪ್ ಮಾಡಿದವರು ‘ತೆ’ ಆದಮೇಲೆ ಸೊನ್ನೆ ಬೇಕು ಅಂತ ಸೊನ್ನೆಯನ್ನೇ ಒತ್ತಿದ್ದಾರೆ. ನಾವು ಮಾತಿನಲ್ಲೂ ಅದನ್ನು ಸೊನ್ನೆ ಅಂತಲೇ ಕರೆಯುತ್ತೇವೆ ಅಲ್ವಾ, ಅವರ ತಪ್ಪು ಅಂತ ಹೇಗೆ ಹೇಳುವುದು?

ಕಂಪ್ಯೂಟರಿಗೆ ಮಾತ್ರ ಇವೆರಡೂ ಬೇರೆ ಬೇರೆ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಅನುಸ್ವಾರದ ಸಂಖ್ಯೆ 3202, ಅಂಕಿ ಸೊನ್ನೆಯದು 3302. ಸರಿಯಾಗಿ ನೂರು ಮನೆ ಆಚೆ. ನಿಮ್ಮ ತೆಂಗು 3202ನೇ ಮನೆಯಲ್ಲಿ ಹುಡುಕುತ್ತಿದೆ, ಅವರ ತೆಂಗು 3302ರಲ್ಲಿ ಕೂತಿದೆ.

ಇದು ತೆಂಗಿನ ಕತೆ ಮಾತ್ರ ಅಂದುಕೊಳ್ಳಬೇಡಿ. ಆ ಲೈಬ್ರರಿಯಲ್ಲಿ ಪಂಪ, ಸಂಗೀತ, ಅಂಬೇಡ್ಕರ್, ಗಾಂಧಿ ಎಲ್ಲರೂ ಹೀಗೇ ಕಳೆದುಹೋಗಿರಬಹುದು. ಒಂದು ಸಲ ಹೋಗಿ ‘ಗ್ರಂಥ’ ಅಂತ ಹೊಡೆದು ನೋಡಿ. ಗ್ರಂಥಾಲಯದಲ್ಲಿ ಗ್ರಂಥವೇ ಸಿಗದಿದ್ದರೆ ಬಂದು ಇಲ್ಲಿ ಹೇಳಿ, ನಗೋಣ.

ಪರಿಹಾರ ಸುಲಭ. ಎರಡು ಕನ್ನಡ ಅಕ್ಷರಗಳ ನಡುವೆ ಅಂಕಿ ಸೊನ್ನೆ ಬಂದರೆ ಅದನ್ನು ಅನುಸ್ವಾರ ಮಾಡು ಅಂತ ಒಂದು ಸಾಲಿನ ಸೂಚನೆ ಕೊಟ್ಟರೆ ಆಯಿತು. ಇಸವಿಗಳಿಗೆ ಏಟು ಬೀಳುವುದಿಲ್ಲ, ಅಲ್ಲಿ ಸೊನ್ನೆಯ ಪಕ್ಕ ಅಂಕಿಯೇ ಇರುತ್ತದೆ. ಅರ್ಧ ಗಂಟೆ ಕೆಲಸ. ಆ ಅರ್ಧ ಗಂಟೆಗೆ ಅನುಮತಿ ಕೊಡುವವರು ಯಾರು ಅಂತ ಹುಡುಕಲು ಆರು ತಿಂಗಳು ಬೇಕಾಗಬಹುದು, ಅದು ಬೇರೆ ಮಾತು.

ಪಿಡಿಎಫ್_ಪ್ರಿಯ

ಆ ಆರು ಪುಸ್ತಕದ ಪಿಡಿಎಫ್ ಇದ್ರೆ ಯಾರಾದ್ರೂ ಹಾಕಿ ಪ್ಲೀಸ್

ಹಳೇ_ಬೀರು

ಕಿಟ್ಟಪ್ಪನವರು ಸರಿಯಾಗಿ ಹೇಳಿದ್ದಾರೆ. ಆದರೆ ಸೊನ್ನೆಯೊಂದೇ ಕಾರಣ ಅಂತ ನಾನು ಒಪ್ಪುವುದಿಲ್ಲ. ಮೂವತ್ತನಾಲ್ಕು ವರ್ಷ ಲೈಬ್ರರಿಯಲ್ಲಿ ದುಡಿದು ರಿಟೈರ್ ಆದವನು ನಾನು. ತೋಟದವರು ಮರದ ಬೀರು ನೆನಪಿಸಿದರಲ್ಲ, ಅದರ ಬಗ್ಗೆ ಎರಡು ಮಾತು.

ಆ ಬೀರಿನ ಡ್ರಾಯರ್ ಎಳೆದರೆ ಒಳಗೆ ಐದಿಂಚು ಅಗಲ, ಮೂರಿಂಚು ಎತ್ತರದ ಕಾರ್ಡುಗಳು ಇರುತ್ತಿದ್ದವು. ಕೆಳಗೆ ತೂತು, ತೂತಿನೊಳಗೆ ಒಂದು ಸರಳು. ಯಾರೂ ಕಾರ್ಡು ಕಿತ್ತುಕೊಂಡು ಹೋಗಬಾರದು ಅಂತ. ಒಂದು ಪುಸ್ತಕಕ್ಕೆ ಒಂದೇ ಕಾರ್ಡು ಅಲ್ಲ. ಬರೆದವರ ಹೆಸರಿಗೆ ಒಂದು, ಪುಸ್ತಕದ ಹೆಸರಿಗೆ ಒಂದು, ವಿಷಯಕ್ಕೆ ಒಂದು. ಇದಲ್ಲದೆ ಇನ್ನೊಂದು ಜಾತಿ ಇತ್ತು. ನಾವು ಅದನ್ನು ‘ನೋಡಿ ಕಾರ್ಡು’ ಅನ್ನುತ್ತಿದ್ದೆವು. ಅದರಲ್ಲಿ ಪುಸ್ತಕವೇ ಇರುವುದಿಲ್ಲ, ಬರೀ ದಾರಿ ಇರುತ್ತದೆ. ‘ಪುಟ್ಟಪ್ಪ ಕೆ.ವಿ. — ಕುವೆಂಪು ನೋಡಿ.’ ‘ಶ್ರೀನಿವಾಸ — ಮಾಸ್ತಿ ವೆಂಕಟೇಶ ಅಯ್ಯಂಗಾರ್ ನೋಡಿ.’ ‘ನಾರಿಕೇಳ — ತೆಂಗು ನೋಡಿ.’ ‘ಕೊಬ್ಬರಿ — ತೆಂಗು ಸಹ ನೋಡಿ.’

ಕನ್ನಡಕ್ಕೆ ಇದು ಬೇಕೇ ಬೇಕು. ನಮ್ಮಲ್ಲಿ ಲೇಖಕರಿಗೆ ಕಾವ್ಯನಾಮ, ಮನೆ ಹೆಸರು, ಊರ ಹೆಸರು, ಇನಿಷಿಯಲ್ಲು. ಒಬ್ಬರೇ ನಾಲ್ಕು ಥರ ಕಾಣಿಸುತ್ತಾರೆ. ಓದುಗ ಯಾವ ಬಾಗಿಲಿನಿಂದ ಬಂದರೂ ಒಳಗೆ ಕರೆದುಕೊಂಡು ಹೋಗುವುದು ಆ ನೋಡಿ ಕಾರ್ಡಿನ ಕೆಲಸ.

ನಾನಿದ್ದ ಕಡೆ ಕಂಪ್ಯೂಟರ್ ಬಂದಾಗ ಕಾರ್ಡುಗಳನ್ನೆಲ್ಲ ಒಳಗೆ ಏರಿಸಲು ಹೊರಗಿನವರಿಗೆ ಕೊಟ್ಟರು. ಒಂದು ಪುಸ್ತಕಕ್ಕೆ ಇಷ್ಟು ಅಂತ ದುಡ್ಡು. ನೋಡಿ ಕಾರ್ಡಿನಲ್ಲಿ ಪುಸ್ತಕ ಇಲ್ಲವಲ್ಲ, ಅದಕ್ಕೆ ದುಡ್ಡೂ ಇಲ್ಲ. ಹಾಗಾಗಿ ಅವು ಒಂದೂ ಒಳಗೆ ಹೋಗಲಿಲ್ಲ. ಟೈಪ್ ಮಾಡುತ್ತಿದ್ದ ಹುಡುಗರನ್ನು ಕೇಳಿದೆ. ‘ಇವು ಖಾಲಿ ಕಾರ್ಡು ಸಾರ್’ ಅಂದರು. ಆಮೇಲೆ ಬೀರನ್ನು ಹರಾಜು ಹಾಕಿದರು. ಯಾರೋ ಹಾರ್ಡ್‌ವೇರ್ ಅಂಗಡಿಯವರು ಕೊಂಡರು. ಈಗ ಅದರ ಡ್ರಾಯರ್‌ಗಳಲ್ಲಿ ಸ್ಕ್ರೂ, ಮೊಳೆ, ವಾಷರ್ ಇವೆ. ನಾನು ಹೋಗಿ ನೋಡಿ ಬಂದಿದ್ದೇನೆ. ಅವರು ಚೆನ್ನಾಗಿ ಜೋಡಿಸಿ ಇಟ್ಟಿದ್ದಾರೆ, ಕೇಳಿದ್ದು ತಕ್ಷಣ ಸಿಗುತ್ತದೆ.

ಎರಡನೇ_ಮಹಡಿ

ಹಿರಿಯರು ಬೈಯಬೇಡಿ. ನಾನು ಕೆಎಎಸ್‌ಗೆ ಓದುತ್ತಿದ್ದೇನೆ. ದಿನಾ ಲೈಬ್ರರಿಗೆ ಹೋಗುತ್ತೇನೆ, ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಸಾಲಿನಲ್ಲಿ ನಿಂತಿರುತ್ತೇನೆ. ಎರಡು ವರ್ಷದಲ್ಲಿ ಒಂದು ಸಲವೂ ಕ್ಯಾಟಲಾಗ್ ನೋಡಿಲ್ಲ. ಪುಸ್ತಕ ನನ್ನದೇ, ನೋಟ್ಸ್ ಲ್ಯಾಪ್‌ಟಾಪಿನಲ್ಲಿ, ಪತ್ರಿಕೆ ಫೋನಿನಲ್ಲಿ. ನನಗೆ ಬೇಕಿರುವುದು ಕುರ್ಚಿ, ಫ್ಯಾನು, ವೈಫೈ, ಮುಖ್ಯವಾಗಿ ಪ್ಲಗ್ ಪಾಯಿಂಟ್.

ನಮ್ಮ ಓದುವ ಕೋಣೆಯಲ್ಲಿ ಎಂಬತ್ತು ಜನ ಕೂರುತ್ತೇವೆ. ಪ್ಲಗ್ ಪಾಯಿಂಟ್ ಆರು. ಅದರಲ್ಲಿ ಎರಡು ಕೆಲಸ ಮಾಡುವುದಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್ ತಂದವನೇ ರಾಜ. ಲೈಬ್ರರಿಗೆ ತಂತ್ರಜ್ಞಾನ ಬಂತು ಅಂದರೆ ನನ್ನ ಲೆಕ್ಕದಲ್ಲಿ ಇದು.

ಹಳೇ_ಬೀರು

ಬೈಯುವುದೆಲ್ಲಿ ಬಂತು? ಬೆಂಗಳೂರಿನಲ್ಲಿ ನಾನು ಟ್ರೈನಿಂಗಿಗೆ ಹೋದಾಗ ಮೊದಲು ಹೇಳಿಕೊಟ್ಟಿದ್ದೇ ಗ್ರಂಥಾಲಯ ಶಾಸ್ತ್ರದ ರಂಗನಾಥನ್ ಅವರ ಐದು ಸೂತ್ರ. 1931ರಲ್ಲಿ ಬರೆದದ್ದು. ನಾಲ್ಕನೆಯದು ‘ಓದುಗರ ಸಮಯ ಉಳಿಸಿ’. ಪ್ಲಗ್ ಪಾಯಿಂಟಿಗೆ ಕಾಯುವುದೂ ಸಮಯವೇ ತಾನೆ. ಅವರು ಮದ್ರಾಸಿನವರು, ಮೊದಲು ಗಣಿತದ ಮೇಷ್ಟ್ರು. ಕೊನೆಗಾಲದಲ್ಲಿ ಬೆಂಗಳೂರಿಗೆ ಬಂದು, 1962ರಲ್ಲಿ ಡಿಆರ್‌ಟಿಸಿ ಅನ್ನುವ ಗ್ರಂಥಾಲಯ ತರಬೇತಿ ಸಂಸ್ಥೆ ಶುರು ಮಾಡಿ, 1972ರಲ್ಲಿ ಇಲ್ಲೇ ತೀರಿಕೊಂಡರು.

ಇನ್ನೊಂದು ವಿಷಯ. 1965ರ ನಮ್ಮ ಗ್ರಂಥಾಲಯ ಕಾಯ್ದೆಯ ಪ್ರಕಾರ ಊರಿನ ಪ್ರತಿ ಮನೆಯವರೂ ಕಂದಾಯದ ಜೊತೆ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರ ಕಟ್ಟುತ್ತಾರೆ. ರಸೀದಿ ತೆಗೆದು ನೋಡಿ. ಹಾಗಾಗಿ ಪ್ಲಗ್ ಪಾಯಿಂಟ್ ಕೇಳಲು ಹಿಂಜರಿಯಬೇಡಿ, ಅದು ನಿಮ್ಮ ಅಪ್ಪನ ದುಡ್ಡು.

ಪಂಚಾಯ್ತಿ_ಲೈಬ್ರರಿ_ಅಕ್ಕ

ನಾನು ಹಳ್ಳಿಯ ಕಡೆಯಿಂದ ಬರೆಯುತ್ತಿದ್ದೇನೆ. ಗ್ರಾಮ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುತ್ತೇನೆ. 2019ರಲ್ಲಿ ನಮ್ಮನ್ನೆಲ್ಲ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿಸಿದರು. ರಾಜ್ಯದಲ್ಲಿ ಇಂಥವು 5,000ಕ್ಕೂ ಜಾಸ್ತಿ ಇವೆ. ಈಗ ಬೋರ್ಡಿನಲ್ಲಿ ‘ಅರಿವು ಕೇಂದ್ರ’ ಅಂತ ಇದೆ. ಊರಿನವರು ಮಾತ್ರ ಈಗಲೂ ‘ಪೇಪರ್ ರೂಮ್’ ಅನ್ನುತ್ತಾರೆ.

ನಮ್ಮಲ್ಲಿ ಕ್ಯಾಟಲಾಗ್ ಅಂದರೆ ನಾನೇ. ರಿಜಿಸ್ಟರ್ ಇದೆ, ಆದರೆ ಯಾರೂ ನೋಡುವುದಿಲ್ಲ, ನನ್ನನ್ನೇ ಕೇಳುತ್ತಾರೆ. 2020ರಲ್ಲಿ ಮಕ್ಕಳಿಗೆ ಲೈಬ್ರರಿ ಕಾರ್ಡು ಮಾಡಿಸುವ ‘ಓದುವ ಬೆಳಕು’ ಕಾರ್ಯಕ್ರಮ ಬಂದಾಗಿನಿಂದ ಮಕ್ಕಳು ಜಾಸ್ತಿ ಆಗಿದ್ದಾರೆ. ಸ್ಕೂಲು ಮುಚ್ಚಿತ್ತಲ್ಲ, ಆಗ ಕಾರ್ಡು ಮಾಡಿಸಿಕೊಂಡ ಮಕ್ಕಳು ಈಗ ಹೈಸ್ಕೂಲಿಗೆ ಬಂದಿದ್ದಾರೆ.

ಕಂಪ್ಯೂಟರ್ ಬಂದಮೇಲೆ ನನ್ನ ಕೆಲಸ ಪೂರ್ತಿ ಬದಲಾಯಿತು. ದೊಡ್ಡವರು ಪುಸ್ತಕಕ್ಕೆ ಬರುವುದಕ್ಕಿಂತ ಫಾರಂ ತುಂಬಿಸಲು ಬರುತ್ತಾರೆ. ಸ್ಕಾಲರ್‌ಶಿಪ್, ರಿಸಲ್ಟು, ಪಹಣಿ ನೋಡುವುದು, ಆಧಾರ್‌ಗೆ ಫೋನ್ ನಂಬರ್ ಸೇರಿದೆಯಾ ಇಲ್ಲವಾ ಅಂತ ಕೇಳುವುದು. ಮೊನ್ನೆ ಒಬ್ಬರು ಅಜ್ಜಿ ಬಂದಿದ್ದರು. ವೃದ್ಧಾಪ್ಯ ವೇತನ ಮೂರು ತಿಂಗಳಿಂದ ಬಂದಿಲ್ಲ. ಓಟಿಪಿ ಹೋಗುವುದು ಬೆಂಗಳೂರಿನಲ್ಲಿರುವ ಮಗನ ಫೋನಿಗೆ. ಮಗ ಡ್ಯೂಟಿಯಲ್ಲಿ ಫೋನ್ ಎತ್ತುವುದಿಲ್ಲ. ಅಜ್ಜಿ ನನ್ನ ಎದುರು ಎರಡು ಗಂಟೆ ಕೂತರು. ಕಾಯುತ್ತಾ ಕಾಯುತ್ತಾ ಮಕ್ಕಳ ಚಿತ್ರದ ಪುಸ್ತಕ ತೆಗೆದು ಪುಟ ತಿರುವಿದರು. ಓದಲು ಬರುವುದಿಲ್ಲ. ಪಕ್ಕದಲ್ಲಿದ್ದ ಮೂರನೇ ಕ್ಲಾಸಿನ ಹುಡುಗಿ ಓದಿ ಹೇಳಿದಳು. ಮಗ ಫೋನ್ ಎತ್ತಿದಾಗ ಅಜ್ಜಿಗೆ ಕತೆ ಅರ್ಧಕ್ಕೆ ಬಿಡಲು ಮನಸ್ಸಿಲ್ಲ!

ಇದೆಲ್ಲ ಲೈಬ್ರರಿ ಕೆಲಸವಾ ಅಂತ ಕೆಲವರು ಕೇಳುತ್ತಾರೆ. ನನಗೂ ಗೊತ್ತಿಲ್ಲ. ಆದರೆ ಬಾಗಿಲು ತೆರೆದಿದೆ, ದುಡ್ಡು ಕೇಳುವುದಿಲ್ಲ, ಇನ್ನೆಲ್ಲಿ ಹೋಗುತ್ತಾರೆ?

ಅಂದ ಹಾಗೆ, ಸೊನ್ನೆಯ ವಿಷಯ ಓದಿ ನಮ್ಮ ಮಕ್ಕಳ ಕೈಲಿ ಪರೀಕ್ಷೆ ಮಾಡಿಸಿದೆ. ಅವರು ಯಾರೂ ಟೈಪ್ ಮಾಡುವುದೇ ಇಲ್ಲ. ಮೈಕ್ ಒತ್ತಿ ‘ತೆಂಗು’ ಅಂತ ಕೂಗುತ್ತಾರೆ. ಫೋನು ಪ್ರತಿ ಸಲವೂ ಸರಿಯಾದ ತೆಂಗನ್ನೇ ಬರೆಯಿತು. ‘ತೆಂಗಿನಗರಿ’ ಅಂದಾಗ ಮಾತ್ರ ‘ತೆಂಗಿ ನಗರಿ’ ಅಂತ ಯಾವುದೋ ಊರು ಮಾಡಿತು.

ಕೀಲಿಮಣೆ_ಕಿಟ್ಟ

‘ತೆಂಗಿ ನಗರಿ’! ಅಕ್ಕ, ಇವತ್ತಿಗೆ ಇಷ್ಟು ಸಾಕು.

ಮಂಜಿನೂರು_ಮಲ್ನಾಡಿಗ

ಟೊರಾಂಟೊದಿಂದ. ಇಲ್ಲಿ ಲೈಬ್ರರಿ ಕಾರ್ಡ್ ಇದ್ದರೆ ಫೋನಿಗೆ ಇ-ಪುಸ್ತಕ ಬರುತ್ತದೆ, ಮೂರು ವಾರ ಆದಮೇಲೆ ತಾನೇ ಮಾಯ ಆಗುತ್ತದೆ. ದಂಡ ಕಟ್ಟುವ ತಲೆನೋವಿಲ್ಲ. ಆದರೆ ತಮಾಷೆ ಕೇಳಿ, ಇ-ಪುಸ್ತಕಕ್ಕೂ ಕ್ಯೂ ಇದೆ. ಲೈಬ್ರರಿ ಎಷ್ಟು ಪ್ರತಿಗೆ ಲೈಸೆನ್ಸ್ ಕೊಂಡಿದೆಯೋ ಅಷ್ಟೇ ಜನ ಒಂದು ಸಲಕ್ಕೆ ಓದಬಹುದು. ಹೊಸ ಕಾದಂಬರಿಗೆ ಹದಿನಾಲ್ಕು ವಾರ ಕಾಯಿರಿ ಅನ್ನುತ್ತದೆ. ಕಾಗದವೇ ಇಲ್ಲದ ಪುಸ್ತಕಕ್ಕೆ! ಜೊತೆಗೆ ಎಷ್ಟೋ ಲೈಸೆನ್ಸ್‌ಗಳಿಗೆ ಅವಧಿ ಇರುತ್ತದೆ, ಮುಗಿದರೆ ಲೈಬ್ರರಿ ಮತ್ತೆ ದುಡ್ಡು ಕೊಡಬೇಕು. ಕಪಾಟಿನ ಪುಸ್ತಕವನ್ನು ಪ್ರಕಾಶಕರು ಬಂದು ವಾಪಸ್ ಒಯ್ಯುವುದಿಲ್ಲ ಅಲ್ವಾ.

ಕನ್ನಡಕ್ಕೆ ನಾನು ನಂಬಿರುವುದು ಇಂಟರ್ನೆಟ್ ಆರ್ಕೈವ್ ಅನ್ನುವ ಪುಕ್ಕಟೆ ಪುಸ್ತಕದ ತಾಣ. ಬೆಂಗಳೂರಿನ ಐಐಎಸ್‌ಸಿಯವರು ಮುಂದೆ ನಿಂತು ಮಾಡಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ನಿಮಗೆ ನೆನಪಿರಬಹುದು. ಆ ತಾಣ ನಿಂತುಹೋಯಿತು, ಅದರ ಸ್ಕ್ಯಾನುಗಳು ಬಹಳಷ್ಟು ಈಗ ಆರ್ಕೈವ್‌ನಲ್ಲಿ ಉಳಿದುಕೊಂಡಿವೆ. ಈಚೆಗೆ ಬೆಂಗಳೂರಿನಲ್ಲೇ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ತಂಡದವರು ಹೊಸದಾಗಿ ಸ್ಕ್ಯಾನ್ ಮಾಡಿ ಏರಿಸುತ್ತಿದ್ದಾರೆ, ಅವು ತುಂಬ ಚೆನ್ನಾಗಿವೆ.

ಹಳೆಯ ಸ್ಕ್ಯಾನುಗಳಲ್ಲಿ ಹುಡುಕುವುದೇ ಒಂದು ಕಲೆ. ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ದೀರ್ಘ ಬಂದಲ್ಲೆಲ್ಲ ಸ್ವರ ಎರಡೆರಡು ಸಲ ಹಾಕಿ, ನಡುವೆ ಎಲ್ಲೋ ಒಂದು ಗೆರೆ ಹಾಕಿ ಬರೆದಿರುತ್ತಾರೆ. ನಾನು ನಮ್ಮ ತಾತ ಓದುತ್ತಿದ್ದ ಒಂದು ಪುಸ್ತಕಕ್ಕೆ ಎರಡು ಚಳಿಗಾಲ ಹುಡುಕಿದೆ. ಸಿಕ್ಕಿದ್ದು ಬೇರೆ ಲೇಖಕರ ಹೆಸರಿನ ಕೆಳಗೆ. ಅದರಲ್ಲೂ 112ನೇ ಪುಟದ ಮೇಲೆ ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಕೂತಿದೆ. ಹೆಬ್ಬೆರಳಿನ ಕೆಳಗೆ ಏನಿತ್ತು ಅಂತ ತಿಳಿಯಲು ಊರಿಗೆ ಬಂದಾಗ ಲೈಬ್ರರಿಗೇ ಹೋದೆ.

ಪಿಡಿಎಫ್_ಪ್ರಿಯ

ಆ ಪಿಡಿಎಫ್ ಲಿಂಕ್ ಕೊಡಿ ಅಣ್ಣ

ಕಟ್ಟೆ_ನಿರ್ವಾಹಕ

ಲಿಂಕ್ ಕೇಳುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೂ ಹಕ್ಕು ಅವರ ಮನೆಯವರದ್ದು. ಬಿ.ಎಂ.ಶ್ರೀ 1946ರಲ್ಲಿ ಹೋದರು, ಹಾಗಾಗಿ ಅವರು ಬರೆದದ್ದು 2007ರಿಂದ ಎಲ್ಲರದ್ದು. ಡಿ.ವಿ.ಜಿ. 1975, 2036ರ ತನಕ ಕಾಯಬೇಕು. ಬೇಂದ್ರೆ 1981. ಕುವೆಂಪು 1994, ಅದು ನಮ್ಮ ಮಕ್ಕಳ ಕಾಲಕ್ಕೆ. ಹಕ್ಕು ಮುಗಿದದ್ದರ ಲಿಂಕ್ ಧಾರಾಳವಾಗಿ ಹಾಕಿ. ಉಳಿದದ್ದನ್ನು ಇಲ್ಲಿ ಬೇಡ, ಟೆಲಿಗ್ರಾಂನಲ್ಲೂ ಬೇಡ ಅಂತ ಹೇಳಬಲ್ಲೆ, ಕೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಲೈಬ್ರರಿಗಳಿಗೆ ಮಾತ್ರ ಒಂದು ಅವಕಾಶ ಇದೆ. ಲಾಭಕ್ಕಲ್ಲದ ಸಾರ್ವಜನಿಕ ಲೈಬ್ರರಿ ತನ್ನ ಬಳಿ ಇರುವ ಕಾಗದದ ಪ್ರತಿಯನ್ನು ಕಾಪಾಡಿಕೊಳ್ಳಲು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಬಹುದು. ಗೆದ್ದಲು ಹಿಡಿಯುವ ತನಕ ಕಾಯಬೇಕಿಲ್ಲ.

ಕಿವಿಯಿಂದ_ಓದುವವ

ನನಗೆ ಕಣ್ಣು ಕಾಣುವುದಿಲ್ಲ, ಸ್ಕ್ರೀನ್ ರೀಡರ್ ಇಟ್ಟುಕೊಂಡು ಈ ಚರ್ಚೆ ಕೇಳುತ್ತಿದ್ದೇನೆ. ತೋಟದವರ ಮೊದಲ ಪೋಸ್ಟು ಬಂದಾಗಲೇ ನನಗೆ ವಿಷಯ ಗೊತ್ತಾಯಿತು. ನಿಮಗೆಲ್ಲ ತೆಂಗು ಅಂತ ಕಾಣಿಸಿದ್ದು ನನ್ನ ಕಿವಿಗೆ ‘ತೆ ಸೊನ್ನೆ ಗು’ ಅಂತ ಕೇಳಿಸಿತು. ಕಣ್ಣಿದ್ದವರಿಗೆ ಕಾಣದ್ದು ನನಗೆ ಕೇಳಿಸಿತಲ್ಲ ಅಂತ ಸ್ವಲ್ಪ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ನೀವೆಲ್ಲ ಸ್ಕ್ಯಾನ್ ಸ್ಕ್ಯಾನ್ ಅನ್ನುತ್ತಿದ್ದೀರಿ. ಸ್ಕ್ಯಾನ್ ಅಂದರೆ ನನಗೆ ಖಾಲಿ ಹಾಳೆ. ಮುನ್ನೂರು ಪುಟದ ಪುಸ್ತಕ ತೆರೆದರೆ ಸ್ಕ್ರೀನ್ ರೀಡರ್ ‘ಪುಟ ಒಂದು, ಚಿತ್ರ. ಪುಟ ಎರಡು, ಚಿತ್ರ’ ಅಂತ ಹೇಳಿಕೊಂಡು ಹೋಗುತ್ತದೆ. ಯೂನಿಕೋಡ್ ಬರುವ ಮುಂಚಿನ ಹಳೆಯ ಫಾಂಟಿನ ಫೈಲುಗಳು ಇನ್ನೂ ಮಜಾ. ನಿಮಗೆ ಪರದೆಯ ಮೇಲೆ ಚೆಂದದ ಕನ್ನಡ, ನನಗೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ.

ನಮ್ಮಂಥವರಿಗೆ ಕಾನೂನಿನ ಅಡ್ಡಿ ಇಲ್ಲ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಯಾವ ಪುಸ್ತಕವನ್ನಾದರೂ ನಾವು ಓದುವ ರೂಪಕ್ಕೆ ತರಬಹುದು. ಕಣ್ಣು ಕಾಣದವರಿಗೂ ಪುಸ್ತಕ ಸಿಗಲಿ ಅಂತ ದೇಶಗಳು ಮಾಡಿಕೊಂಡ ಮರಕೇಶ್ ಒಪ್ಪಂದಕ್ಕೆ 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದನೆ ಕೊಟ್ಟದ್ದು ಭಾರತ. 2016ರಿಂದ ‘ಸುಗಮ್ಯ ಪುಸ್ತಕಾಲಯ’ ಅಂತ ಆನ್‌ಲೈನ್ ಲೈಬ್ರರಿಯೇ ಇದೆ. ಕೊರತೆ ಇರುವುದು ಕೂತು ಪಠ್ಯ ಮಾಡಿಕೊಡುವ ಕೈಗಳಿಗೆ. ನನ್ನ ಡಿಗ್ರಿಯ ಪುಸ್ತಕಗಳನ್ನು ನನ್ನ ತಂಗಿ ರಾತ್ರಿ ಹೊತ್ತು ಓದಿ ರೆಕಾರ್ಡ್ ಮಾಡಿದ್ದಳು. ಕೆಲವು ಪಾಠಗಳಲ್ಲಿ ಹಿಂದೆ ಕುಕ್ಕರ್ ಕೂಗುತ್ತದೆ. ಈಗಲೂ ಜೈನ ಧರ್ಮ ಅಂದರೆ ನನಗೆ ಮೂರು ಸೀಟಿ ನೆನಪಾಗುತ್ತದೆ.

ಹಳದಿ_ಪುಟ

ಮೇಲಿನವರು ಹೇಳಿದ ಆ ‘ಕೈ’ಗಳಲ್ಲಿ ನನ್ನದೂ ಒಂದು. ಕನ್ನಡ ವಿಕಿಸೋರ್ಸ್‌ನಲ್ಲಿ ಕರಡು ತಿದ್ದುತ್ತೇನೆ, ಅದು ಪುಸ್ತಕಗಳ ಪಠ್ಯ ಪುಕ್ಕಟೆ ಸಿಗುವ ತಾಣ. ಬ್ಯಾಂಕಿನಲ್ಲಿ ಕೆಲಸ, ರಾತ್ರಿ ಊಟ ಆದಮೇಲೆ ಎರಡು ಪುಟ. ಸ್ಕ್ಯಾನ್ ನೋಡಿ ಯಂತ್ರ ಪಠ್ಯ ಮಾಡಿದ ಪುಟ ಕೆಂಪು ಬಣ್ಣದಲ್ಲಿ ಶುರುವಾಗುತ್ತದೆ. ಒಬ್ಬರು ತಿದ್ದಿದರೆ ಹಳದಿ. ಇನ್ನೊಬ್ಬರು ಮತ್ತೆ ನೋಡಿ ಒಪ್ಪಿದರೆ ಹಸಿರು. ನನ್ನವು ಬಹಳ ಹಳದಿಯಲ್ಲೇ ನಿಂತಿವೆ, ಅದಕ್ಕೇ ಈ ಹೆಸರು.

ಯಂತ್ರ ಈಗ ಮೊದಲಿಗಿಂತ ಎಷ್ಟೋ ವಾಸಿ. ಐಐಎಸ್‌ಸಿಯವರು ಕನ್ನಡ ಲಿಪಿಗೆ ಅಂತಲೇ ‘ಲಿಪಿ ಜ್ಞಾನಿ’ ಮಾಡಿದ್ದಾರೆ, ಗೂಗಲ್‌ನದ್ದೂ ಪರವಾಗಿಲ್ಲ. ಆದರೂ ಹಳೆಯ ಅಚ್ಚುಮೊಳೆಯ ಪುಸ್ತಕ ಕೊಟ್ಟರೆ ತಡವರಿಸುತ್ತದೆ. ‘ಮ’ ಮತ್ತು ‘ವು’ ಅದಕ್ಕೆ ಅವಳಿ ಮಕ್ಕಳು. ‘ಮರ’ ಇದ್ದದ್ದು ‘ವುರ’ ಆಗುತ್ತದೆ. ‘ಥ’ ಮತ್ತು ‘ಧ’ ನಡುವೆ ಒಂದು ಚುಕ್ಕಿ, ಒಂದು ಗೀಟು. ಶಾಯಿ ಸ್ವಲ್ಪ ಹರಡಿದರೆ ‘ಕಥೆ’ ಹೋಗಿ ‘ಕಧೆ’. ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ದೇವರೇ ಗತಿ. ನಾನು ಒಂದು ಸಂಜೆ ಪೂರ್ತಿ ‘ಅವುವಾಸ್ಯೆ’ಯನ್ನು ‘ಅಮಾವಾಸ್ಯೆ’ ಮಾಡುತ್ತಾ ಕೂತಿದ್ದೆ.

ಬೇಜಾರಾದಾಗ ‘ವಚನ ಸಂಚಯ’ ತಾಣ ತೆರೆಯುತ್ತೇನೆ. ಸಾವಿರಾರು ವಚನ, ಒಂದು ಪದ ಹೊಡೆದರೆ ಯಾವ ಯಾವ ಶರಣರು ಎಲ್ಲೆಲ್ಲಿ ಬಳಸಿದ್ದಾರೆ ಅಂತ ಸಾಲಾಗಿ ಬರುತ್ತದೆ. ಮೊದಲು ಇಂಥ ಪದಪಟ್ಟಿ ಮಾಡಲು ಒಬ್ಬರ ಅರ್ಧ ಆಯಸ್ಸು ಹೋಗುತ್ತಿತ್ತು. ಯಾರೋ ಹೀಗೆ ಕೂತು ತಿದ್ದಿದ್ದರಿಂದಲೇ ತಾನೆ ಅದು ಸಾಧ್ಯವಾಗಿದ್ದು ಅಂತ ಮತ್ತೆ ಎರಡು ಪುಟ ಮುಗಿಸುತ್ತೇನೆ.

ಶಾರ್ಟ್‌ಕಟ್_ಶಂಭು

ಇಷ್ಟೆಲ್ಲ ಕಷ್ಟ ಯಾಕೆ ಗುರು? ನಾನು ಎಐ ಚಾಟ್‌ಬಾಟನ್ನು ಕೇಳಿದೆ, ‘ತೆಂಗಿನ ಬಗ್ಗೆ ಹಳೆಯ ಕನ್ನಡ ಪುಸ್ತಕ ಹೇಳು’ ಅಂತ. ಐದು ಸೆಕೆಂಡಿನಲ್ಲಿ ಎಂಟು ಹೆಸರು ಕೊಟ್ಟಿತು, ಲೇಖಕರು, ಇಸವಿ ಸಮೇತ. ತೋಟದವರಿಗೆ ಪಟ್ಟಿ ಮೆಸೇಜ್ ಮಾಡಿದ್ದೇನೆ. ಲೈಬ್ರರಿಯವರ ಕಾಲ ಮುಗೀತು.

ತಿಪಟೂರು_ತೋಟ

ಶಂಭು ಅವರೇ, ಪಟ್ಟಿ ಬಂತು, ಧನ್ಯವಾದ. ಮಂಗಳವಾರ ಅದನ್ನು ಪ್ರಿಂಟ್ ಮಾಡಿಕೊಂಡು ಅದೇ ಲೈಬ್ರರಿಗೆ ಹೋಗಿದ್ದೆ. ಆ ಹಿರಿಯರು ಕನ್ನಡಕ ಹಾಕಿಕೊಂಡು ಎಂಟೂ ಹೆಸರು ನಿಧಾನವಾಗಿ ಓದಿದರು. ಪೆನ್ಸಿಲ್ ತೆಗೆದುಕೊಂಡು ಏಳಕ್ಕೆ ಗೀಟು ಹಾಕಿದರು. ‘ಇವು ಇಲ್ಲ ಸಾರ್’ ಅಂದರು. ಇಲ್ಲಿ ಇಲ್ಲವಾ ಅಂದೆ. ‘ಎಲ್ಲೂ ಇಲ್ಲ’ ಅಂದರು. ಈ ವರ್ಷ ಇಂಥ ಚೀಟಿ ತಂದವರಲ್ಲಿ ನಾನು ಮೊದಲಿಗನಲ್ಲವಂತೆ. ಕಾಲೇಜು ಹುಡುಗರು ವಾರಕ್ಕೊಂದು ತರುತ್ತಾರಂತೆ. ಪುಸ್ತಕ ಇಲ್ಲ ಅಂದರೆ ಇವರಿಗೇ ಹುಡುಕಲು ಬರುವುದಿಲ್ಲ ಅಂತ ಗೊಣಗಿಕೊಂಡು ಹೋಗುತ್ತಾರಂತೆ.

ಎಂಟನೆಯದು ಮಾತ್ರ ಇತ್ತು. ಆದರೆ ಅದು ಅಡಿಕೆಯ ಪುಸ್ತಕ.

ಹಳೇ_ಬೀರು

ಗೀಟು ಹಾಕಿದವರ ಕೈ ನೋಡಬೇಕು ಅನ್ನಿಸುತ್ತಿದೆ.

ಇಲ್ಲದ್ದನ್ನು ಇಲ್ಲ ಅನ್ನಲು ಧೈರ್ಯ ಬೇಕು ಶಂಭು. ಇದ್ದದ್ದನ್ನು ಗುರುತಿಸಲು ಅದಕ್ಕಿಂತ ಜಾಸ್ತಿ ಬೇಕು. ಕೌಟಿಲ್ಯನ ಅರ್ಥಶಾಸ್ತ್ರ ಕಳೆದೇ ಹೋಗಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅದರ ಓಲೆಗರಿ ಬಂದು ಸೇರಿದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ. 1905ರಲ್ಲಿ ಅದು ಏನು ಅಂತ ಗುರುತು ಹಿಡಿದವರು ಅಲ್ಲಿ ಕೆಲಸ ಮಾಡುತ್ತಿದ್ದ ಶಾಮಶಾಸ್ತ್ರಿಗಳು. 1909ರಲ್ಲಿ ಅಚ್ಚಾಯಿತು. ಅವರು ಆ ಗರಿ ಬಿಚ್ಚಿ ಓದದೆ ಇದ್ದಿದ್ದರೆ ಅದೂ ರಾಶಿಯಲ್ಲಿ ಇನ್ನೊಂದು ಕಟ್ಟು ಆಗಿರುತ್ತಿತ್ತು.

ಶಾರ್ಟ್‌ಕಟ್_ಶಂಭು

ಸರಿ ಸರಿ, ಅಡಿಕೆಯೂ ಮರವೇ ಅಲ್ವಾ 🙂

ಕೀಲಿಮಣೆ_ಕಿಟ್ಟ

ತೋಟದವರೇ, ಸೊನ್ನೆಯ ವಿಷಯ ಅವರಿಗೆ ಹೇಳಿದಿರಾ?

ತಿಪಟೂರು_ತೋಟ

ಅದನ್ನೇ ಬರೆಯಲು ಬಂದೆ.

ಹೇಳಿದೆ. ಮೊದಲು ನಂಬಲಿಲ್ಲ. ಕಿಟ್ಟ ಅವರು ಹೇಳಿದಂತೆ ‘ಗ್ರಂಥ’ ಅಂತ ಹೊಡೆದು ತೋರಿಸಿದೆ. ಏನೂ ಬರಲಿಲ್ಲ. ಆಮೇಲೆ ಸೊನ್ನೆ ಒತ್ತಿ ‘ಗ್ರ೦ಥ’ ಹೊಡೆದೆ. ಪರದೆ ತುಂಬ ಬಂತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಹನ್ನೊಂದು ವರ್ಷದಿಂದ ಜನ ಇಲ್ಲಿ ಹುಡುಕಿ ವಾಪಸ್ ಹೋಗಿದ್ದಾರಲ್ಲ ಸಾರ್’ ಅಂದರು.

ಸಾಫ್ಟ್‌ವೇರ್ ತಿದ್ದುವ ಅಧಿಕಾರ ಅವರಿಗಿಲ್ಲ. ಮೇಲಿನವರಿಗೆ ಪತ್ರ ಬರೆಯುತ್ತಾರಂತೆ. ಆದರೆ ಒಂದೊಂದೇ ಪುಸ್ತಕದ ವಿವರ ತೆರೆದು ತಿದ್ದಬಹುದು. ಅಲ್ಲೇ ಕೂತು 634ರ ಸಾಲು ಶುರು ಮಾಡಿದೆವು. ಅವರು ಪುಸ್ತಕ ತೆಗೆದು ನಂಬರ್ ಓದುವುದು, ನಾನು ತಿದ್ದುವುದು. ಮಧ್ಯಾಹ್ನದ ಹೊತ್ತಿಗೆ ತೆಂಗು, ಹುಣಸೆ, ಮಾವು ಎಲ್ಲ ಮುಗಿಯಿತು. ಹುಣಸೆಗೆ ಸೊನ್ನೆ ಇಲ್ಲ, ಆದರೂ ನೋಡಿದೆವು. ಅಂಜೂರಕ್ಕೆ ಇತ್ತು.

ಮುಗಿಸಿ ಖುಷಿಯಾಗಿ ‘ತೆಂಗು’ ಹೊಡೆದೆ. ಎರಡೇ ಬಂತು. ಆರು ಇರಬೇಕಿತ್ತಲ್ಲ! ಇಬ್ಬರೂ ತಲೆ ಕೆರೆದುಕೊಂಡೆವು. ಉಳಿದ ನಾಲ್ಕರ ಹೆಸರಿನಲ್ಲಿ ‘ತೆಂಗಿನ’ ಅಂತ ಇದೆ. ತೆಂಗು ಅಂತ ಕೇಳಿದರೆ ತೆಂಗಿನ ಅನ್ನುವುದು ಅದಕ್ಕೆ ಬೇರೆ ಪದ. ಮಗ್ಗಿ ಓದಿದ ಮಗುವಿಗೂ ಗೊತ್ತಾಗುತ್ತದೆ, ಇದಕ್ಕೆ ಗೊತ್ತಾಗುವುದಿಲ್ಲ.

ಕೀಲಿಮಣೆ_ಕಿಟ್ಟ

ಹೌದು, ವಿಭಕ್ತಿ ಪ್ರತ್ಯಯ ಬಿಡಿಸಲು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಇಂಗ್ಲಿಷಿನಲ್ಲಿ ಬಾಲ ಕತ್ತರಿಸಿದರೆ ಮುಗಿಯಿತು. ನಮ್ಮಲ್ಲಿ ತೆಂಗು, ತೆಂಗಿನ, ತೆಂಗಿಗೆ, ತೆಂಗಿನಿಂದ, ಪದ ಒಳಗಿಂದಲೇ ಬದಲಾಗುತ್ತದೆ. ಸದ್ಯಕ್ಕೆ ಕೊನೆಯ ಕೊಂಬು ಬಿಟ್ಟು ‘ತೆಂಗ’ ಅಂತ ಅರ್ಧಕ್ಕೆ ನಿಲ್ಲಿಸಿ ಹುಡುಕಿ ನೋಡಿ.

ಪಂಚಾಯ್ತಿ_ಲೈಬ್ರರಿ_ಅಕ್ಕ

ನುಸಿಗೆ ಏನು ಮಾಡಬೇಕು ಅಂತ ಸಿಕ್ಕಿತಾ ಕೊನೆಗೆ? ನಮ್ಮೂರಿನವರೂ ಕೇಳುತ್ತಿದ್ದಾರೆ.

ತಿಪಟೂರು_ತೋಟ

ಕಿಟ್ಟ ಅವರೇ, ‘ತೆಂಗ’ ಕೆಲಸ ಮಾಡಿತು. ಆರೂ ಬಂದವು. ಹಿರಿಯರು ಕಂಪ್ಯೂಟರ್ ಮೇಲಿದ್ದ ‘ಪುಸ್ತಕ ಇಲ್ಲಿ ಹುಡುಕಿ’ ಚೀಟಿಯ ಕೆಳಗೆ ಇನ್ನೊಂದು ಚೀಟಿ ಅಂಟಿಸಿದ್ದಾರೆ. ಕೆಂಪು ಇಂಕಿನಲ್ಲಿ, ಗುಂಡಗಿನ ಅಕ್ಷರದಲ್ಲಿ: ‘ಪೂರ್ತಿ ಪದ ಬೇಡ. ಅರ್ಧ ಹೊಡೆಯಿರಿ. ಸಿಗದಿದ್ದರೆ ನನ್ನನ್ನು ಕೇಳಿ.’

ಅಕ್ಕ, ಆ ಪುಸ್ತಕಗಳಲ್ಲಿ ನುಸಿಯ ಸುದ್ದಿ ಇಲ್ಲ. ಅವು ಬರೆದ ಕಾಲಕ್ಕೆ ಈ ಪೀಡೆ ನಮ್ಮ ಕಡೆ ಬಂದೇ ಇರಲಿಲ್ಲ ಅಂತ ಕಾಣುತ್ತದೆ. ಆದರೆ ಗಿಡದ ಬುಡಕ್ಕೆ ಗೊಬ್ಬರ, ಹಸಿರೆಲೆ, ನೀರು ಹೇಗೆ ಕೊಡಬೇಕು ಅಂತ ಒಂದು ಅಧ್ಯಾಯ ಸೊಗಸಾಗಿದೆ. ಮರಕ್ಕೆ ಶಕ್ತಿ ಇದ್ದರೆ ಅದು ತಡೆದುಕೊಳ್ಳುತ್ತದೆ ಅಂತ ನಮ್ಮ ಅಪ್ಪನೂ ಹೇಳುತ್ತಿದ್ದರು. 1994ರ ಮೊಹರಿನ ಕೆಳಗೆ ಈಗ ಹೊಸ ಮೊಹರು ಬಿದ್ದಿದೆ. ಓದಿ ವಾಪಸ್ ಕೊಟ್ಟಮೇಲೆ ಆ ಅಧ್ಯಾಯದಲ್ಲಿ ಏನಿದೆ ಅಂತ ನಿಮಗೆ ಬರೆಯುತ್ತೇನೆ.

ಎರಡನೇ_ಮಹಡಿ

ಆ ಕಂಪ್ಯೂಟರ್ ಪಕ್ಕ ಖಾಲಿ ಪ್ಲಗ್ ಪಾಯಿಂಟ್ ಇದೆಯಾ ಸಾರ್?